ನಂಜುಂಡಯ್ಯ ಸರ್ ಹೊಡೆದ ಕೊನೆಯ ಏಟು

ನಂಜುಂಡಯ್ಯ ಸರ್ ಬೋರ್ಡಿನ ಕಡೆ ಮುಖ ಮಾಡಿಕೊಂಡೇ ಡಸ್ಟರ್ ಎಸೆಯುತ್ತಿದ್ದರು. ಅದು ಹಿಂದೆ ಪಿಸುಗುಟ್ಟಿದವನ ಹಣೆಗೇ ಬೀಳುತ್ತಿತ್ತು. ನೈರೋಬಿಯ ನಮ್ಮ ಸೆಕೆಂಡರಿ ಶಾಲೆಯಲ್ಲಿ ಅವರು ಮೂವತ್ತು ವರ್ಷ ಗಣಿತ ಕಲಿಸಿದವರು, ನಾನು ಪಕ್ಕದ ಲ್ಯಾಬಿನ ಕೆಮಿಸ್ಟ್ರಿ ಟೀಚರ್. ಗೋಡೆಯಾಚೆ ಚಟೀರ್ ಎಂದರೆ ನನ್ನ ಲ್ಯಾಬಿಗೂ ಕೇಳಿಸುತ್ತಿತ್ತು. ಹೊಡೆಯಬಾರದೆಂದು ಇಲ್ಲಿ ಕಾನೂನೇ ಇದೆ ಸರ್ ಎಂದು ನಾನು ಹೇಳಿದರೆ, "ಕಾನೂನಿಗೆ ಕ್ವಾಡ್ರಾಟಿಕ್ ಬರುತ್ತೇನ್ರೀ?" ಎನ್ನುತ್ತಿದ್ದರು. ಮೈಸೂರಿನಲ್ಲಿ ಅವರಪ್ಪ ಬೆಲ್ಟಿನಲ್ಲಿ ಹೊಡೆದೇ ಲೆಕ್ಕ ಕಲಿಸಿದ್ದರಂತೆ. ಅದನ್ನು ಹೆಮ್ಮೆಯಿಂದ ಬೇರೆ ಹೇಳಿಕೊಳ್ಳುತ್ತಿದ್ದರು, ಪುಣ್ಯಾತ್ಮ!

ಏಟು ತಿಂದ ಮಗುವಿಗೆ ಮಧ್ಯಾಹ್ನ ಮಂದಾಜಿ ಎಂಬ ಕರಿದ ಬನ್ನು, ಚಹಾ ಕೊಡಿಸಿ, ಲೆಕ್ಕ ಬರುವ ತನಕ ಊಟ ಬಿಟ್ಟು ಪಕ್ಕದಲ್ಲೇ ಕೂರುತ್ತಿದ್ದರು. ಅದಕ್ಕೇ ಯಾರೂ ದೂರು ಕೊಡಲಿಲ್ಲ. ನಾನೂ ಕೊಡಲಿಲ್ಲ, ಅದು ನನ್ನ ತಪ್ಪು.

ಫ್ಲಿಪ್ಡ್ ಕ್ಲಾಸ್‌ರೂಮನ್ನು ಅವರ ತಲೆಗೆ ತುಂಬಿದವಳೂ ನಾನೇ. ಸ್ಮಾರ್ಟ್‌ಫೋನ್ ಆಗಷ್ಟೇ ಮನೆಮನೆಗೆ ಬರುತ್ತಿದ್ದ ಕಾಲ. ಪಾಠ ರೆಕಾರ್ಡ್ ಮಾಡಿ ಕಳಿಸಿ, ಮಕ್ಕಳು ಮನೆಯಲ್ಲಿ ನೋಡಿಕೊಂಡು ಬರಲಿ, ಕ್ಲಾಸಿನಲ್ಲಿ ಬರೀ ಲೆಕ್ಕ ಮಾಡಿಸಿ ಎಂದೆ. ವೀಡಿಯೊ ಒಳಗಿಂದ ಹೊಡೆಯೋಕಾಗಲ್ಲವಲ್ಲ, ಅದೇ ನನ್ನ ಹುನ್ನಾರ. ಮೊದಲ ವೀಡಿಯೊದಲ್ಲೇ ಅವರು ಖಾಲಿ ಕೋಣೆಗೆ ಗದರಿದರು: "ಏಯ್ ಯೂ, ವಿಂಡೋ ಸೈಡ್, ಲುಕ್ ಹಿಯರ್!" ಮಕ್ಕಳು ಬಿದ್ದು ಬಿದ್ದು ನಕ್ಕರು. ಎರಡು ತಿಂಗಳು ಡಸ್ಟರ್ ಹಾರಲಿಲ್ಲ.

ಆಮೇಲೊಂದು ಸೋಮವಾರ, ಫಾರ್ಮ್ ತ್ರೀ ತರಗತಿಯ ವಂಜಿರು ಎಂಬ ಹುಡುಗಿ ವೃತ್ತದ ಪಾಠದ ವೀಡಿಯೊ ನೋಡದೆ ಬಂದಳು. ಫೋನ್ ಒಡೆದುಹೋಯಿತು ಎಂದಳು. "ಲೈಯರ್!" ಎನ್ನುತ್ತಲೇ ಸರ್ ಎಡಗೆನ್ನೆಗೆ ಬಾರಿಸಿದರು. ನಾನು ಓಡಿಹೋದಾಗ ಅವಳು ಬೆಂಚಿನ ಕೆಳಗೆ ಬಿದ್ದಿದ್ದಳು, ಕಿವಿಯ ರಕ್ತ ಕಾಲರಿಗೆ ಇಳಿಯುತ್ತಿತ್ತು. ಎತ್ತಲು ಹೋಗಿ ತೋಳು ಸರಿಸಿದರೆ ಅಯ್ಯೋ, ಮೊಣಕೈತನಕ ಬಾಸುಂಡೆ! ಹಿಂದಿನ ದಿನ, ಮಗಳು ಫೋನ್ ಹಿಡಿದು ಕೂತಿದ್ದು ಕಂಡು, ಯಾವನೋ ಹುಡುಗನ ಸಹವಾಸವೆಂದು ಅವಳಪ್ಪ ಅವಳನ್ನೂ ಫೋನನ್ನೂ ಗೋಡೆಗೆ ಅಪ್ಪಳಿಸಿದ್ದನೆಂದು ಅವಳೇ ಅಳುತ್ತ ಹೇಳಿದಳು. ಅವಳು ನೋಡುತ್ತಿದ್ದುದು ಸರ್ ಪಾಠವನ್ನೇ. ಇದು ಹೋಮ್‌ವರ್ಕ್ ಎಂದು ಮನೆಗಳಿಗೆ ಒಂದು ಚೀಟಿ ಕಳಿಸಬೇಕೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಆಸ್ಪತ್ರೆಗೆ ನಾನೇ ಕರೆದೊಯ್ದೆ. ಎಡಗಿವಿಯ ತಮಟೆ ಹರಿದಿದೆ, ಒಳಗಿವಿಗೂ ಪೆಟ್ಟಾಗಿದೆ, ಮತ್ತೆ ಕೇಳಿಸುವುದು ಅನುಮಾನ ಎಂದರು ಡಾಕ್ಟರು.

ಸಂಜೆ ಸರ್ ನನ್ನನ್ನೂ ಕರೆದುಕೊಂಡು ಪಂಗಾನಿ ಬಡಾವಣೆಯ ಅವಳ ಮನೆಗೆ ಹೋದರು. ಬಾಗಿಲಲ್ಲೇ ಅವಳಪ್ಪ ಸರ್ ಕೊರಳಪಟ್ಟಿ ಹಿಡಿದ. "ನನ್ನ ಮಗಳನ್ನ ಹೊಡೆಯೋಕೆ ನೀನ್ಯಾರು ಮೇಷ್ಟ್ರೇ? ನಾಳೆಯಿಂದ ಅವಳು ಶಾಲೆಗೆ ಬರಲ್ಲ!" ಎಂದು ಸ್ವಾಹಿಲಿಯಲ್ಲಿ ಅರಚಿ ಬಾಯಿಗೆ ಗುದ್ದಿದ. ಹಲ್ಲು ಮುರಿಯಿತು. ಸರ್ ಕೈ ಎತ್ತಲಿಲ್ಲ. ರಕ್ತ ಉಗುಳಿ, ತಮ್ಮ ಫೋನಿನಲ್ಲಿ ವೃತ್ತದ ಪಾಠ ಹಾಕಿ ಅವನ ಮುಂದೆ ಹಿಡಿದರು. "ಅವಳು ನೋಡ್ತಿದ್ದದ್ದು ಇದನ್ನ. ನಾವಿಬ್ಬರೂ ಅವಳನ್ನ ನಂಬಲಿಲ್ಲ. ಶಾಲೆ ಬಿಡಿಸಬೇಡಿ" ಎಂದು ಬೇಡಿಕೊಂಡರು. ಆ ಮನುಷ್ಯ ಮೆಟ್ಟಿಲ ಮೇಲೆ ಕುಸಿದು ಕೂತ.

ವಾಪಸು ಬರುವಾಗ ಮಟಾಟು ಮಿನಿಬಸ್ಸಿನಲ್ಲಿ ನಾನು ಸಮಾಧಾನಕ್ಕೆಂದು, "ಗೋಡೆಗೆ ಬಿದ್ದಾಗಲೇ ತಮಟೆ ಹರಿದಿತ್ತೇನೋ ಸರ್" ಎಂದೆ.

"ಇರಬಹುದು ಕಣಮ್ಮ. ಡಾಕ್ಟ್ರಿಗೂ ಗೊತ್ತಾಗಲ್ಲ. ಅದಕ್ಕೆ ನಾನು ಹೊಡೀಲಿಲ್ಲ ಅಂತ ಆಗುತ್ತಾ?"

ಎರಡು ವಾರದ ಮೇಲೆ ವಂಜಿರು ಬಂದಳು. ಅಷ್ಟರಲ್ಲಿ ಸರ್ ನಡೆದದ್ದನ್ನೆಲ್ಲ ತಾವೇ ಬರೆದುಕೊಟ್ಟು ರಾಜೀನಾಮೆ ಇಟ್ಟಿದ್ದರು. ಅಂದು ಅವರ ಕೊನೆಯ ಕ್ಲಾಸು, ನಾನೂ ಹೋಗಿ ಅವಳ ಹಿಂದಿನ ಬೆಂಚಿನಲ್ಲಿ ಕೂತಿದ್ದೆ; ನಾನು ಅವರನ್ನು ನೋಡಿದ್ದೂ ಅದೇ ಕೊನೆ. ಮಕ್ಕಳೆಲ್ಲ ತಲೆ ತಗ್ಗಿಸಿ ಲೆಕ್ಕ ಮಾಡುತ್ತಿದ್ದರು. ಸರ್ ಅವಳ ಎಡಬದಿಗೆ ಬಂದು ಬಗ್ಗಿ, ಅವರ ಬಾಯಲ್ಲಿ ನಾನೆಂದೂ ಕೇಳದಷ್ಟು ಮೆಲ್ಲಗೆ, "ನನ್ನ ಕ್ಷಮಿಸಮ್ಮ" ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಅವಳು ಬರೆಯುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ಪುಸ್ತಕದ ಮೇಲೆ ನೆರಳು ಬಿದ್ದದ್ದು ಕಂಡು ತಲೆಯೆತ್ತಿ, "ಏನಾದರೂ ಹೇಳಿದಿರಾ ಸರ್?" ಎಂದು ಕೇಳಿದಳು.