ಮಲಗಿದ ಪಿನ್ನು ಏಳುವವರೆಗೆ

ಜಯನಗರ ನಾಲ್ಕನೇ ಬ್ಲಾಕಿನ ಹಿಂದಿನ ಓಣಿಗೆ ಬೆಳಗಿನ ಬಿಸಿಲು ಓರೆಯಾಗಿ ಬಂದು ಜಯದೇವಪ್ಪನವರ ಮೇಜಿನ ಮೇಲೆ ಬಿದ್ದಿದೆ. ಅವರಿಗೆ ಬೇಕಾದದ್ದು ಈ ಓರೆ ಬಿಸಿಲೇ. ಅಂಗೈಯಲ್ಲಿ ಬಿಸ್ಕತ್ತಿನಷ್ಟಗಲದ ಹಳೆಯ ಪ್ರೊಸೆಸರ್. ಅದರ ತಳದಲ್ಲಿ ಕೂದಲೆಳೆಯಂಥ ಪಿನ್ನುಗಳು ಸಾಲಾಗಿ ನಿಂತಿವೆ. ಮೂಲೆಯದೊಂದು ಮಾತ್ರ ಮಲಗಿಬಿಟ್ಟಿದೆ.

ಎದುರಿನ ಸ್ಟೂಲಿನ ಮೇಲೆ ಸಂಗೀತಾ, ಪುಟ್ಟೇನಹಳ್ಳಿಯಲ್ಲಿ ಕಂಪ್ಯೂಟರ್ ಕಸೂತಿ ಹಾಕಿಕೊಡುವವರು. ಅವರ ಕಸೂತಿ ಯಂತ್ರ ಈ ಪ್ರೊಸೆಸರ್ ಇರುವ ಹಳೆಯ ಕಂಪ್ಯೂಟರಿನ ಮಾತನ್ನಷ್ಟೇ ಕೇಳುತ್ತದೆ. ನಾಳೆ ವಿಜಯದಶಮಿಗೆ ಒಬ್ಬ ಹುಡುಗಿಯ ನಿಶ್ಚಿತಾರ್ಥ. ಅವಳ ರವಿಕೆಯ ಒಂದು ತೋಳು ಮುಗಿದಿದೆ, ಇನ್ನೊಂದು ಬರಿದು. ನಿನ್ನೆ ಆಯುಧಪೂಜೆಗೆಂದು ಕಂಪ್ಯೂಟರ್ ಬಿಚ್ಚಿ ಧೂಳು ಒರೆಸುತ್ತ ಫ್ಯಾನು ಎಳೆದರೆ, ಅದರಡಿ ಶಾಖ ಹೀರಲೆಂದು ಹಚ್ಚಿದ್ದ, ಈಗ ಒಣಗಿದ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೂ ಕಿತ್ತುಬಂದು ಪಿನ್ನು ಬಗ್ಗಿದೆ.

"ಈ ಹಬ್ಬ ಬಂತು ಅಂದ್ರೆ ಇಂಥವು ಬರ್ತಾನೇ ಇರ್ತವೆ. ದೇವರಿಗೆ ಅಂತ ಒರೆಸೋದು, ನನ್ನ ಹತ್ರ ತರೋದು," ಎನ್ನುತ್ತಾರೆ ಜಯದೇವಪ್ಪ.

ಶಾಲೆಯನ್ನು ಮೂರನೇ ಕ್ಲಾಸಿಗೇ ಬಿಟ್ಟವರು. ಪ್ರಾಯವೆಲ್ಲ ಮಗ್ಗದ ಕಾರ್ಖಾನೆಯಲ್ಲಿ ಹೋಯಿತು. ನೂಲಿನ ಎಳೆಗಳನ್ನು ಸಾಲು ಹಿಡಿಸುವ ಹಣಿಗೆಯ ತಂತಿಹಲ್ಲು ಡೊಂಕಾದರೆ ತಿದ್ದುವುದು ಅವರ ಪಾಲಿನ ಕೆಲಸ. ಕಾರ್ಖಾನೆ ಮುಚ್ಚಿದ ಮೇಲೆ ವರ್ಷಗಟ್ಟಲೆ ವಾಚ್‌ಮನ್ ಆಗಿದ್ದರು. "ಪಿನ್ನು ಬಗ್ಗಿದ್ರೆ ಕಂಪ್ಯೂಟರ್ ಅಂಗಡಿಯವ್ರು ಇದನ್ನ ಕಸಕ್ಕೆ ಹಾಕ್ತಿದ್ರು. ಇಸ್ಕೊಂಡು ನೋಡ್ದೆ. ಇದೂ ಹಣಿಗೇನೇ ಅನ್ನಿಸ್ತು." ಈಗ ದಿನಕ್ಕೆ ಒಂದೋ ಎರಡೋ ಬರುತ್ತವೆ, ಬಾರದ ದಿನಗಳೇ ಹೆಚ್ಚು. ಹೊಸ ಪ್ರೊಸೆಸರುಗಳಲ್ಲಿ ಇಂಥ ಪಿನ್ನು ಕಾಣುವುದು ಕಡಿಮೆ.

ತುದಿ ಉಜ್ಜಿ ಮೊಂಡು ಮಾಡಿದ ಇಂಜೆಕ್ಷನ್ ಸೂಜಿಯನ್ನು ಪಿನ್ನಿಗೆ ತೊಡಿಸಲು ಹೋದವರು ಅಲ್ಲೇ ನಿಲ್ಲುತ್ತಾರೆ. ಬುಡದಲ್ಲೊಂದು ಗೀರು.

"ಇದನ್ನ ಯಾರಾದ್ರೂ ಎತ್ತೋಕೆ ಹೋಗಿದ್ರೇನಮ್ಮ?"

"ಇಲ್ಲ ಅಂಕಲ್."

ಅವರು ಸೂಜಿಯನ್ನು ಕೆಳಗಿಡುತ್ತಾರೆ. "ಬೈಯೋಕೆ ಕೇಳ್ತಿಲ್ಲ. ಎಷ್ಟು ಸಲ ಬಗ್ಗಿದೆ ಅಂತ ಗೊತ್ತಾಗ್ಬೇಕು. ಲೆಕ್ಕ ತಪ್ಪಿದ್ರೆ ನನ್ನ ಕೈಯಲ್ಲೇ ಮುರೀತದೆ."

ಸಂಗೀತಾ ಗೋಡೆಯ ಕಡೆ ನೋಡುತ್ತಾರೆ. "ನಿನ್ನೆ ಸೇಫ್ಟಿ ಪಿನ್ನಲ್ಲಿ ಎತ್ತಿದ್ದೆ. ಎದ್ದಿತ್ತು. ಆಮೇಲೆ ಕೂರಿಸೋಕೆ ಹೋದಾಗ ಮತ್ತೆ ಬಿದ್ದೋಯ್ತು."

"ಸೇಫ್ಟಿ ಪಿನ್ನಲ್ಲಿ. ಇದೇನು ಸೆರಗಾ?" ಆದರೆ ದನಿಯಲ್ಲಿ ನಗುವಿಲ್ಲ. "ಹಾಗಾದ್ರೆ ಪೂರ್ತಿ ನೆಟ್ಟಗೆ ನಿಲ್ಲಿಸಲ್ಲ. ಬೋರ್ಡಿನ ತೂತಿಗೆ ಇಳಿಯೋಷ್ಟು ಎತ್ತಿ ಬಿಟ್ಬಿಡ್ತೀನಿ."

ಸೂಜಿ ಒಂದಿಷ್ಟು ಏಳುತ್ತದೆ, ನಿಲ್ಲುತ್ತದೆ. ಪ್ರೊಸೆಸರನ್ನು ಬಿಸಿಲಿಗೆ ಹಿಡಿದು ಸಾಲಿನುದ್ದಕ್ಕೂ ನೆರಳು ನೋಡುತ್ತಾರೆ. ಮತ್ತೊಂದಿಷ್ಟು. ಓಣಿಯಲ್ಲಿ ಆಟೋ ಹಾರ್ನ್ ಹೊಡೆದಾಗ ಕೈ ತಾನಾಗಿ ಹಿಂದೆ ಸರಿಯುತ್ತದೆ. ಸಂಗೀತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದಾರೆ.

ಸಂಗೀತಾ ಆಟೋದಲ್ಲಿ ತಂದಿದ್ದ ಕಂಪ್ಯೂಟರಿನ ಬೋರ್ಡಿನ ಮೇಲೆ ಜಯದೇವಪ್ಪ ಪ್ರೊಸೆಸರ್ ಇಟ್ಟು ಕೈ ಬಿಡುತ್ತಾರೆ. ಅದು ತನ್ನ ಭಾರಕ್ಕೆ ತಾನೇ ಇಳಿಯಬೇಕು. ಮೂಲೆ ಇಳಿಯುವುದಿಲ್ಲ.

"ಸ್ವಲ್ಪ ಅದುಮಿದ್ರೆ?"

"ಅದುಮಿದ್ರೆ ಮುಗೀತು ಕಣಮ್ಮ."

ಮೇಲೆತ್ತಿ, ಬಿಸಿಲಿಗೆ ಹಿಡಿದು, ಉಸಿರು ಬಿಗಿಹಿಡಿದು ಇನ್ನೊಮ್ಮೆ ಸೂಜಿ ಆಡಿಸುತ್ತಾರೆ. ಪಿನ್ನು ಮುರಿಯುವುದಿಲ್ಲ. ಈ ಸಲ ಬೋರ್ಡಿನ ಮೇಲಿಟ್ಟರೆ ಪ್ರೊಸೆಸರ್ ಸದ್ದಿಲ್ಲದೆ ಕುಳಿತುಬಿಡುತ್ತದೆ. ಹೊಸ ಪೇಸ್ಟು ಹಚ್ಚಿ, ಫ್ಯಾನು ಕೂರಿಸಿ ಸ್ವಿಚ್ ಒತ್ತುತ್ತಾರೆ. ಫ್ಯಾನು ತಿರುಗುತ್ತದೆ, ಪರದೆ ಕಪ್ಪಾಗಿಯೇ ಇದೆ. ಆಮೇಲೆ ಬಿಳಿಯ ಅಕ್ಷರಗಳು ಒಂದೊಂದೇ ಸಾಲು ಮೂಡುತ್ತವೆ.

ಸಂಗೀತಾ ಕಣ್ಣೊರೆಸಿಕೊಂಡು ಹೊರಡಲು ಏಳುವಾಗ ಜಯದೇವಪ್ಪ ಸಂಕೋಚದಿಂದ ಒಂದು ಮಾತು ಕೇಳುತ್ತಾರೆ. "ಬ್ಲೌಸು ಮುಗಿದ ಮೇಲೆ ಒಂದು ಫೋಟೋ ಕಳಿಸ್ತೀಯೇನಮ್ಮ? ದಿನಾ ಸಂಜೆ ನಮ್ಮನೆಯವ್ಳು, ಇವತ್ತೇನು ಮಾಡಿದ್ರಿ ಅಂತಾಳೆ. ಪಿನ್ನು ಎತ್ತಿದೆ ಅಂದ್ರೆ ನಗ್ತಾಳೆ."