ಬೀರಪ್ಪನ ಹಿಂಡಿನಲ್ಲಿ ನನ್ನದೊಂದು ಕುರಿ

ದೆವ್ವ, ಶಕುನ, ಕನಸಿನ ಫಲ ಇಂಥವನ್ನೆಲ್ಲ ನಾನು ನಂಬುತ್ತಿರಲಿಲ್ಲ. ಇಚಲಕರಂಜಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ ನನಗೆ ನೆರಳೆಂದರೆ ಬೆಳಕಿಗೆ ಏನೋ ಅಡ್ಡ ಬಂದದ್ದು, ಅಷ್ಟೇ. ಆದ್ದರಿಂದ ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಕ್ಕುಬಿಡುತ್ತಿದ್ದೆ.

ಸಾವಿರದ ಒಂಬೈನೂರ ಅರವತ್ತರ ಸುಮಾರಿನ ಮಾತು. ಕೊಲ್ಹಾಪುರದಲ್ಲಿ ನನ್ನ ಪರಿಚಯದ ಡಾಕ್ಟರೊಬ್ಬರು ಮನೋರೋಗಿಗಳಿಗಾಗಿ ಒಂದು ಸಣ್ಣ ದವಾಖಾನೆ ನಡೆಸುತ್ತಿದ್ದರು. ರೋಗಿಗಳಿಂದ ಚಿತ್ರ ಬರೆಸಿದರೆ ಮನಸ್ಸು ಹಗುರಾಗುತ್ತದೆಂದು ಎಲ್ಲೋ ಓದಿ, ರವಿವಾರಕ್ಕೊಮ್ಮೆ ಬರಲು ನನ್ನನ್ನು ಕರೆದರು. ಒಬ್ಬೊಬ್ಬರ ಹೆಸರಿನ ಮುಂದೆ ಅವರವರ ರೋಗದ ಹೆಸರು ಬರೆದ ಚೀಟಿಯನ್ನೂ ಕೊಟ್ಟರು. ನನಗೆ ಆ ಚೀಟಿಯ ಹುಚ್ಚೇ ಹಿಡಿಯಿತು. ತಿಂಗಳೊಪ್ಪತ್ತಿನಲ್ಲಿ ನಮ್ಮ ಹೆಡ್‌ಮಾಸ್ತರರಿಗೆ ಎರಡು ರೋಗ, ನಮ್ಮ ಮಾವನವರಿಗೆ ಒಂದು ರೋಗ ಗೊತ್ತುಮಾಡಿದೆ. ಬೀಗ ಹಾಕಿ ಮತ್ತೆ ಮತ್ತೆ ಎಳೆದು ನೋಡುವ ಹೆಂಡತಿಗೂ ಒಂದು ಹೆಸರು ಕೊಡಹೋದೆ. ಆ ದಿನ ನನಗೆ ಮನೆಯಲ್ಲಿ ಊಟ ಸಿಗಲಿಲ್ಲ.

ಆ ದವಾಖಾನೆಯಲ್ಲಿ ಬೀರಪ್ಪನೆಂಬ ಕುರಿಗಾರನಿದ್ದ. ಗಡಹಿಂಗ್ಲಜದ ಕಡೆಯವನು. ಶಿರೋಳದ ಹತ್ತಿರ ಹೊಳೆದಂಡೆಯಲ್ಲಿ ಹಿಂಡು ನಿಲ್ಲಿಸಿದ್ದಾಗ ನೆರೆ ಬಂದು ಅರ್ಧ ಹಿಂಡು ಕೊಚ್ಚಿಹೋಗಿತ್ತು. ಅಂದಿನಿಂದ ನಾಲ್ಕು ತಿಂಗಳು ಅವನು ತುಟಿ ಪಿಟಕ್ ಎಂದಿರಲಿಲ್ಲ. ಚೀಟಿಯಲ್ಲಿ ಅವನ ಮುಂದೆ ಮಿರಜದ ರೈಲಿನಷ್ಟು ಉದ್ದದ ಹೆಸರೊಂದಿತ್ತು. ಒಂದೇ ಕೆಲಸವನ್ನು ಬಿಡದೆ ಮತ್ತೆ ಮತ್ತೆ ಮಾಡುವ ರೋಗವೆಂದು ಡಾಕ್ಟರು ಬಿಡಿಸಿ ಹೇಳಿದರು. ನಾನು ಕಾಗದ ಕೊಟ್ಟೆ, ಕುರಿ ಬರೆದ. ಇನ್ನೊಂದು ಕೊಟ್ಟೆ, ಅದೇ ಕುರಿ. ಹೂವಿನ ಕುಂಡ ತಂದು ಎದುರಿಗಿಟ್ಟೆ, ಆಗಲೂ ಕುರಿ. ಚೀಟಿ ಎಷ್ಟು ಸರಿಯಾಗಿದೆ ಎಂದು ನನಗೆ ಖುಷಿಯೇ ಆಯಿತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಂದು ರವಿವಾರ ತಾಳ್ಮೆಗೆಟ್ಟು, ಕುರಿ ಎಂದರೆ ಹೀಗಿರಬೇಕಪ್ಪ ಎಂದು ನಾನೇ ಒಂದು ಬರೆದು ತೋರಿಸಿದೆ. ಡ್ರಾಯಿಂಗ್ ಪುಸ್ತಕದಲ್ಲಿರುವಂಥ ಬಿಳಿ ಕುರಿ. ಪೆನ್ನು ಸೋರಿ ಅದರ ಎಡಗಣ್ಣಿನ ಮೇಲೆ ಶಾಯಿ ಬಿತ್ತು. ಒರೆಸಹೋದರೆ ಕಿವಿಯವರೆಗೂ ಎಳೆದುಕೊಂಡಿತು. ಬೀರಪ್ಪ ಅದನ್ನು ಬಹಳ ಹೊತ್ತು ನೋಡಿ, ತನ್ನ ಕಾಗದಗಳ ನಡುವೆ ಜೋಪಾನವಾಗಿ ಇಟ್ಟುಕೊಂಡ.

ಮುಂದಿನ ವಾರ ಅವನ ಹೆಂಡತಿ ಮಾಳವ್ವ ಬಂದಳು. ಗುಣ ಕಾಣದಿದ್ದರೆ ಅವನನ್ನು ದೂರದ ದೊಡ್ಡ ಹುಚ್ಚಾಸ್ಪತ್ರೆಗೆ ಕಳಿಸುವುದೆಂದು ಡಾಕ್ಟರು ನಿಶ್ಚಯಿಸಿದ್ದರು. ಅಂಥಲ್ಲಿಗೆ ಹೋದವರು ತಿರುಗಿ ಬರುವುದು ಆಗ ಕಡಿಮೆ. 'ಅದೇ ಕುರಿ, ಸುಧಾರಣೆ ಇಲ್ಲ' ಎಂದು ನಾನು ಬರೆದುಕೊಟ್ಟ ವರದಿ ಅವರ ಮೇಜಿನ ಮೇಲಿತ್ತು. ಅವಳಿಗೂ ತಿಳಿಯಲಿ ಎಂದು ಚಿತ್ರಗಳನ್ನೆಲ್ಲ ತಂದು ಹರವಿ, ನೋಡವ್ವ, ಎಲ್ಲಾ ಅದೇ ಕುರಿ ಎಂದೆ. ಮಾಳವ್ವ ನೆಲದ ಮೇಲೆ ಕುಳಿತು ಒಂದೊಂದನ್ನೇ ಎತ್ತಿಕೊಂಡಳು.

"ಅದ ಕುರಿ ಅಂತ ಯಾರಂದ್ರಿ? ಇದು ಕರೆವ್ವ. ಇದು ಹರಕಗಿವಿ. ಇದು ನನ್ನ ತವರಿಂದ ಬಂದದ್ದು. ಎಲ್ಲಾ ಹೊಳ್ಯಾಗ ಹೋದಾವ್ರಿ." ಕಣ್ಣೊರೆಸಿಕೊಂಡು ಇನ್ನೊಂದನ್ನು ಎತ್ತಿದಳು. "ಇದು ಗೌರಿ."

ಮೂಲೆಯಿಂದ ಬೀರಪ್ಪನ ದನಿ ಬಂತು. "ಅಲ್ಲ. ಅದು ಗೌರಿ ತಂಗಿ."

ನಾಲ್ಕು ತಿಂಗಳ ಮೇಲೆ ಬಾಯಿಬಿಟ್ಟ ಗಂಡನಿಗೆ ಮಾಳವ್ವ ಕೊಟ್ಟ ಉತ್ತರವೆಂದರೆ, ಗೌರಿಯ ತಂಗಿಗೆ ಹಣೆಯಲ್ಲಿ ಸುಳಿ ಇತ್ತು, ನಿನಗೇನು ಗೊತ್ತು ಎಂಬುದು. ಇಬ್ಬರೂ ಅಲ್ಲೇ ಜಗಳಕ್ಕೆ ನಿಂತರು. ಅಳುತ್ತಲೇ ಜಗಳಾಡಿದರು. ಡಾಕ್ಟರು ನನ್ನ ಕಡೆ ತಿರುಗಿ, ಮಾಸ್ತರ, ನಾವಿಬ್ಬರೂ ಚೀಟಿ ಓದಿದೆವು, ಚಿತ್ರ ನೋಡಲಿಲ್ಲ ಎಂದು ಮೆಲ್ಲಗೆ ಮರಾಠಿಯಲ್ಲಿ ಹೇಳಿ ನನ್ನ ವರದಿ ಹರಿದುಹಾಕಿದರು. ರೋಗದ ಹೆಸರು ಪೂರ್ತಿ ಸುಳ್ಳಾಗಿರಲಿಕ್ಕಿಲ್ಲ. ಆದರೆ ಆ ಮನುಷ್ಯ ಸತ್ತ ಕುರಿಗಳನ್ನು ಒಂದೊಂದಾಗಿ ನೆನೆಯುತ್ತಿದ್ದ, ಅದು ಯಾವ ಚೀಟಿಯಲ್ಲೂ ಇರಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಕೊನೆಗೆ ಮಾಳವ್ವನ ಕೈಗೆ ನನ್ನ ಕುರಿ ಬಂತು. ತಿರುಗಿಸಿ ಮುರುಗಿಸಿ ನೋಡಿದಳು.

"ಇದು ನೆರ್ಯಾಗ ಹೋದದ್ದಲ್ರಿ. ಇದಿನ್ನೂ ಹುಟ್ಟಿಲ್ಲ."

ಅದು ನಾನು ಬರೆದದ್ದು, ಆ ಕಲೆ ಪೆನ್ನಿನ ಶಾಯಿ ಎಂದೆ. ಇರಲಿ ಬಿಡ್ರಿ, ಹುಟ್ಟಿದ ಮೇಲೆ ಹೇಳಿ ಕಳಿಸುತ್ತೇನೆ ಎಂದು ಗಂಡನ ಬಟ್ಟೆಬರೆ ಗಂಟು ಕಟ್ಟಿದಳು. ಅವಳಿಗೂ ಒಂದು ರೋಗದ ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಕಬ್ಬು ಕಡಿದು ಮುಗಿಯುವ ಹೊತ್ತಿಗೆ ಸಂತೆಗೆ ಬಂದವರ ಕೈಯಲ್ಲಿ ಅವಳು ಹೇಳಿ ಕಳಿಸಿದಳು. ಅವರ ಹಿಂಡು ಆಗ ಯಡ್ರಾವದ ಹೊಲವೊಂದರಲ್ಲಿ ನಿಂತಿತ್ತು. ಸೈಕಲ್ ಹತ್ತಿ ಹೋದೆ. ಹಾಡಹಗಲು, ಕಣ್ಣು ಕುಕ್ಕುವ ಬಿಸಿಲು. ಕರಿಕುರಿಗಳ ನಡುವೆ ಮೂರು ದಿನದ ಒಂದು ಬಿಳಿ ಮರಿ. ಎಡಗಣ್ಣಿನ ಮೇಲೆ ಕಪ್ಪು ಕಲೆ, ಅಲ್ಲಿಂದ ಕಿವಿಯವರೆಗೆ ಒಂದು ಎಳೆ. ಬೆರಳಿಗೆ ಉಗುಳು ಹಚ್ಚಿ ತಿಕ್ಕಿ ನೋಡಿದೆ, ಹೋಗಲಿಲ್ಲ. ಬೀರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ನಗು ಬರಲಿಲ್ಲ. ಇದು ಹುಟ್ಟುತ್ತದೆಂದು ನಿನಗೆ ಹೇಗೆ ತಿಳಿಯಿತು ಎಂದು ಮಾಳವ್ವನನ್ನು ಕೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು, ತಲೆಯೆತ್ತಲಿಲ್ಲ.

"ನಾ ಬರೇ ನೋಡಿ ಹೇಳಿದ್ನಿರಿ, ಮಾಸ್ತರ. ಬರದವ್ರು ನೀವು. ನನ್ನ ಕೇಳಿದ್ರ ಹ್ಯಾಂಗ?"

ಇಷ್ಟು ವರ್ಷವೂ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಕುರಿಯ ಚಿತ್ರವನ್ನಂತೂ ಮತ್ತೆ ಬರೆಯುವ ಧೈರ್ಯ ಮಾಡಿಲ್ಲ.