ಯಾವ ಮಠಕ್ಕೆ ನಡ್ಕೊಳ್ತೀರಾ?

ಈಗ ನೆನೆದರೂ ಬಾಯಿ ಕಹಿಯಾಗುತ್ತದೆ. ಥೂ ಎಂದು ಉಗಿಯಬೇಕು ಅನ್ನಿಸುತ್ತದೆ, ಅವನ ಮುಖಕ್ಕೆ ಅರ್ಧ, ನನ್ನ ಮುಖಕ್ಕೆ ಅರ್ಧ.

ಕಡೂರಿನಲ್ಲಿ ಇಬ್ಬರೂ ಇಂಗ್ಲಿಷ್ ಎಂ.ಎ. ಓದುತ್ತಿದ್ದೆವು. ನಾನು ಶಿವನಿಯ ದಲಿತರ ಕೇರಿಯವಳು, ನಮ್ಮ ಮನೆಯಲ್ಲಿ ಪೂಜೆ ಬುದ್ಧನಿಗೆ. ಅವನು ತರೀಕೆರೆಯ ಗೊಬ್ಬರದಂಗಡಿಯವರ ಮಗ, ಹಣೆ ತುಂಬ ವಿಭೂತಿ. ನಮ್ಮನ್ನು ಹತ್ತಿರ ತಂದಿದ್ದು ಒಂದು ಕಾದಂಬರಿ. ಹೊರದೇಶದ ಯಾವುದೋ ವಿಶ್ವವಿದ್ಯಾಲಯ, ಅಲ್ಲಿ ಓದುವ ಕಪ್ಪು ಹುಡುಗ ಹುಡುಗಿ, ಹಾಸ್ಟೆಲಿನ ಅಡುಗೆಮನೆಯಲ್ಲಿ ಕಿತ್ತಾಡುತ್ತಲೇ ಪ್ರೀತಿಗೆ ಬೀಳುತ್ತಾರೆ. ಆ ಹುಡುಗಿಯ ಬಾಯಿಗೆ ಸಿಕ್ಕವರು ಬದುಕುವಂತಿಲ್ಲ! ನಮ್ಮಂಥವರ ಬಗ್ಗೆ ಬರೆದದ್ದೆಂದರೆ ಬರೀ ಗೋಳು ಅಂದುಕೊಂಡಿದ್ದೆ. ಬಿದ್ದು ಬಿದ್ದು ನಕ್ಕು ಅವನಿಗೂ ಕೊಟ್ಟೆ.

"ಬಣ್ಣ ನೋಡಿ ಮನುಷ್ಯರನ್ನ ಅಳೀತಾರಲ್ಲ ಕಣೇ, ಎಂಥಾ ಹೊಲಸು ಜನ!" ಎಂದು, ಓದಿ ಮುಗಿಸಿದ ದಿನ ಕಣ್ಣು ಒದ್ದೆ ಮಾಡಿಕೊಂಡ. ಆ ಒದ್ದೆ ಕಣ್ಣಿಗೇ ನಾನು ಬಿದ್ದೆ. ಮದುವೆಯ ಮಾತೂ ಬಂತು. "ನೀನ್ಯಾರು ಅಂತ ಅಮ್ಮಂಗೆ ನಿನ್ನೆದುರೇ ಹೇಳ್ತೀನಿ, ಬಾ" ಎಂದ.

ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಜೇಬಿನಿಂದ ವಿಭೂತಿ ತೆಗೆದ. "ಒಸಿ ಹಚ್ಕೊಳ್ಳೇ, ಅಮ್ಮಂಗೆ ಖುಷಿ ಆಗುತ್ತೆ."

ಹಚ್ಚಿಕೊಂಡೆ. ಅದಕ್ಕೇ ನನ್ನ ಮೇಲೆ ನನಗೆ ಹೇಸಿಗೆ.

ಅವರಮ್ಮ ಒಳ್ಳೆಯ ಮುಖದಲ್ಲೇ ಒಳಗೆ ಕರೆದು ಉಪ್ಪಿಟ್ಟು ಕೊಟ್ಟರು. ಆಮೇಲೆ, "ಯಾವ ಮಠಕ್ಕೆ ನಡ್ಕೊಳ್ತೀರವ್ವಾ?" ಎಂದರು. ನಮ್ಮ ಕಡೆ ಜಾತಿ ಕೇಳುವುದು ಹೀಗೇ. ಮಠ ಗೊತ್ತಾದರೆ ಒಳಪಂಗಡದವರೆಗೂ ಗೊತ್ತಾದ ಹಾಗೆ. ನಾನು ಅವನ ಮುಖ ನೋಡಿದೆ. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

"ನಮ್ಮ ಮಠಕ್ಕೇ ಕಣಮ್ಮಾ. ನಮ್ಮೋರೇ."

ಬಸ್ಸಿನ ಟೈಮ್ ಹೇಳಿದಷ್ಟು ಸಲೀಸಾಗಿ ಹೇಳಿಬಿಟ್ಟ. ಬಾಯಲ್ಲಿದ್ದ ತುತ್ತು ನುಂಗಿ, ದುಪಟ್ಟಾದಿಂದ ಹಣೆಯ ವಿಭೂತಿ ಒರೆಸಿಕೊಂಡೆ.

"ಸುಳ್ಳು ಕಣಮ್ಮಾ. ನಾವು ಕೇರಿಯೋರು. ಮಠ ಗಿಠ ನಮಗಿಲ್ಲ."

ಆಯಮ್ಮ ಬೆಚ್ಚಲಿಲ್ಲ. "ಗೊತ್ತು ಕಣವ್ವ. ಶಿವನಿ ಹುಡುಗಿ ಬರ್ತಾಳೆ ಅಂತ ಇವನು ಹೇಳಿದ್ದ, ಅಲ್ಲಿ ನಮ್ಮಕ್ಕ ಇದಾಳೆ, ಹೋದ ವಾರನೇ ವಿಚಾರಿಸಿದ್ದೆ. ಇವನು ಏನಂತಾನೆ ಅಂತ ನೋಡೋಕೇ ಕೇಳಿದ್ದು." ಮಗನ ಕಡೆ ತಿರುಗಿದರು. "ನಿಜ ಹೇಳಿದ್ದಿದ್ರೆ ನಿಮ್ಮಪ್ಪನ ಹತ್ರ ನಾನೇ ಮಾತಾಡ್ತಿದ್ದೆ ಕಣೋ. ನಿಂಗೇ ಧೈರ್ಯ ಇಲ್ದಿದ್ಮೇಲೆ ನಾನ್ಯಾಕೆ ಈ ಮಗೂನ ಬಾವಿಗೆ ತಳ್ಳಲಿ?"

ಎದ್ದು ಹೊರಟೆ. ಬಿಟ್ಟುಬರುತ್ತೇನೆ ಎಂದು ಅವನೂ ಹೊರಟ. ಅವರ ಬೀದಿ ಮುಗಿಯುವವರೆಗೂ ಹತ್ತು ಹೆಜ್ಜೆ ಹಿಂದೆಯೇ ಬಂದ. ಗುರುತಿನವರು ಯಾರೂ ಇಲ್ಲದ ಕಡೆ ಸರಸರನೆ ಪಕ್ಕಕ್ಕೆ ಬಂದು, "ನಿನ್ನ ಒಳ್ಳೇದಕ್ಕೇ ಹೇಳಿದ್ದು ಕಣೇ" ಎಂದು ಕೈ ಹಿಡಿದ. ಕೊಸರಿಕೊಂಡು ಬಸ್ಸು ಹತ್ತಿದೆ.

ಮನೆಗೆ ಹೋದವಳೇ ಮೊದಲು ಆ ಕೈಯನ್ನು ಸೋಪು ಹಾಕಿ ತೊಳೆದೆ.